ಲ್ಯಾಂಬ್ಟನ್ನನ ಸರಪಳಿ

1799ರಲ್ಲಿ ಶ್ರೀರಂಗಪಟ್ಟಣ ಪತನವಾಯಿತು. ಮೈಸೂರಿನ ಆಳ್ವಿಕೆಗೆ ಒಳಪಟ್ಟಿದ್ದ ಕೊಯಮತ್ತೂರು ಸೀಮೆ ಕಂಪನಿಯ ಕೈಸೇರಿತು. ಗೆದ್ದ ನೆಲದ ಕಂದಾಯವೆಷ್ಟೆಂದು ಇತರರು ಎಣಿಸುತ್ತಿರಲು, ಆ ಯುದ್ಧದಲ್ಲಿ ಭಾಗವಹಿಸಿದ್ದ ಒಬ್ಬ ಸೈನ್ಯಾಧಿಕಾರಿಗೆ ಭೂಮಿಯ ಆಕಾರವನ್ನೇ ಅಳೆಯುವ ಹಂಬಲ ಹುಟ್ಟಿತು. ಯಾರ್ಕ್‌ಷೈರಿನ ಸಾಮಾನ್ಯ ರೈತ ಕುಟುಂಬದಲ್ಲಿ ಜನಿಸಿದ ವಿಲಿಯಂ ಲ್ಯಾಂಬ್ಟನ್ ಆಗ ನಡುವಯಸ್ಸಿನವನು.

1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಗುಡ್ಡದ ಬಳಿ ಕಾರ್ಯ ಆರಂಭವಾಯಿತು. ಮೊದಲು ನೆಲದ ಮೇಲೆ ಒಂದು ಆಧಾರರೇಖೆಯನ್ನು ಅಳೆಯಬೇಕು. ಅನಂತರ ಕೋನಗಳನ್ನು ಮಾತ್ರ ಅಳೆದು ತ್ರಿಕೋನದ ಮೇಲೆ ತ್ರಿಕೋನ ಹೆಣೆಯುತ್ತ ದೇಶವನ್ನು ದಾಟಬಹುದು. ಆದರೆ ಮೊದಲ ರೇಖೆಯ ತಪ್ಪು ಮುಂದಿನ ಪ್ರತಿಯೊಂದು ತ್ರಿಕೋನದಲ್ಲಿಯೂ ಹಿಗ್ಗುತ್ತ ಹೋಗುತ್ತದೆ.

ಅವನ ಅಳತೆಗೋಲು ನೂರು ಅಡಿಯ ಉಕ್ಕಿನ ಸರಪಳಿ. ಅದಕ್ಕೆ ನಲವತ್ತು ಕೊಂಡಿಗಳು. ಉಕ್ಕು ಬಿಸಿಲಿಗೆ ಹಿಗ್ಗುವ ಲೋಹ. ಫ್ಯಾರನ್‌ಹೀಟಿನ ಒಂದು ಡಿಗ್ರಿ ಏರಿದರೆ ಆ ಉದ್ದದ ಸರಪಳಿ ಸುಮಾರು 0.0075 ಅಂಗುಲ ಬೆಳೆಯುತ್ತದೆ. ಕೂದಲೆಳೆಯಷ್ಟು ಅಂತರವೆಂದು ನಕ್ಕುಬಿಡಬಹುದು. ಆದರೆ ಬೆಳಗಿಗೂ ನಡುಹಗಲಿಗೂ ಇಪ್ಪತ್ತು ಡಿಗ್ರಿಗಳ ವ್ಯತ್ಯಾಸವಿದ್ದರೆ ಏಳು ಮೈಲಿಯ ರೇಖೆಯಲ್ಲಿ ನಾಲ್ಕೂವರೆ ಅಡಿ ಏರುಪೇರಾಗುತ್ತದೆ! ಆದಕಾರಣ ಸರಪಳಿಯನ್ನು ಮರದ ಪೆಟ್ಟಿಗೆಗಳೊಳಗೆ ಚಾಚಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನಿರಿಸಿ, ಅವುಗಳ ಸರಾಸರಿಯನ್ನು ತೆಗೆದು, ಪ್ರತಿ ಅಳತೆಯನ್ನೂ ಒಂದೇ ಗೊತ್ತಾದ ಉಷ್ಣತೆಗೆ ಇಳಿಸಿ ಲೆಕ್ಕ ಹಾಕಲಾಯಿತು. ಆ ಪೆಟ್ಟಿಗೆಗಳನ್ನು ಹೊತ್ತವರ ಹೆಸರುಗಳನ್ನು ಚರಿತ್ರೆ ಉಳಿಸಿಕೊಳ್ಳಲಿಲ್ಲ.

ಈ ಎಚ್ಚರಿಕೆಗೆ ಪರೀಕ್ಷೆ ಒದಗಿದ್ದು 1804ರಲ್ಲಿ, ಬೆಂಗಳೂರಿನಲ್ಲಿ. ಮದರಾಸಿನಿಂದ ತ್ರಿಕೋನಗಳ ಮೂಲಕ ಗಣಿಸಿದ ಉದ್ದಕ್ಕೂ ಅವನ ಸಹಾಯಕ ವಾರನ್ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ಅಂತರ ನಾಲ್ಕು ಅಂಗುಲಕ್ಕೂ ಕಡಿಮೆ. ಅಲ್ಲಿಂದ ದಕ್ಷಿಣಕ್ಕೆ ತಿರುಗಿದ ಅಳತೆ 1806ರಲ್ಲಿ ಕೊಯಮತ್ತೂರು ಸೀಮೆಯ ಪಾಚಾಪಾಳೆಯದಲ್ಲಿ ಮತ್ತೊಂದು ಆಧಾರರೇಖೆಯನ್ನು ಪಡೆಯಿತು. ಕೊಂಗುನಾಡಿನ ಆ ಬಯಲು ಸಮುದ್ರದಿಂದ ದೂರವಾದುದು, ಬಿಸಿಲಿಗೆ ಕೊರತೆಯಿಲ್ಲ. ಕನ್ಯಾಕುಮಾರಿಯ ಸಮೀಪದಿಂದ ಪಾಚಾಪಾಳೆಯದವರೆಗಿನ ರೇಖಾಂಶದ ಕಮಾನನ್ನು ಅವನು ಲೆಕ್ಕ ಹಾಕಿದನು. ಒಂದು ಡಿಗ್ರಿ ಅಕ್ಷಾಂಶದ ಉದ್ದ ಅದರಿಂದ ದೊರೆಯಿತು.

1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಅವನ ಅರ್ಧ ಟನ್ ತೂಕದ ಕೋನಮಾಪಕ ಗೋಡೆಗೆ ಬಡಿದು ಸೊಟ್ಟಗಾಯಿತು. ವಾರಗಟ್ಟಲೆ ಕುಳಿತು ಅದನ್ನು ತಾನೇ ಸರಿಪಡಿಸಿದನು. ಉತ್ತರದತ್ತ ಸಾಗುತ್ತಲೇ 1823ರ ಜನವರಿಯಲ್ಲಿ ಹಿಂಗಣಘಾಟದಲ್ಲಿ ತೀರಿಕೊಂಡನು.

ಅವನ ಸ್ಥಾನಕ್ಕೆ ಬಂದ ಜಾರ್ಜ್ ಎವರೆಸ್ಟ್ ಸರಪಳಿಯನ್ನು ಬದಿಗಿರಿಸಿ, ಹಿತ್ತಾಳೆ ಮತ್ತು ಕಬ್ಬಿಣಗಳ ಹಿಗ್ಗುವಿಕೆ ಪರಸ್ಪರ ಸರಿದೂಗುವ ಜೋಡಿ ಸಲಾಕೆಗಳನ್ನು ಇಂಗ್ಲೆಂಡಿನಿಂದ ತಂದನು.