ಉದ್ಯಾನಶಿಲ್ಪಿ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್

ನಗರವೊಂದು ಬೆಳೆಯತೊಡಗಿದಾಗ ಮನೆ, ಅಂಗಡಿ, ಕಾರ್ಖಾನೆಗಳು ತಮಗೆ ಬೇಕಾದ ಸ್ಥಳವನ್ನು ತಾವೇ ಹುಡುಕಿಕೊಳ್ಳುತ್ತವೆ. ಮಕ್ಕಳು ಆಡಲು, ವೃದ್ಧರು ಅಡ್ಡಾಡಲು, ದುಡಿದು ದಣಿದವರು ವಿಶ್ರಮಿಸಲು ಬೇಕಾದ ಬಯಲು ಮಾತ್ರ, ಯಾರಾದರೂ ಮುಂದಾಲೋಚಿಸಿ ಕಾದಿರಿಸದ ಹೊರತು, ಉಳಿಯುವುದಿಲ್ಲ. ಈ ಸತ್ಯವನ್ನು ಮನಗಂಡು, ಇನ್ನೂ ಜನಿಸದ ಪೀಳಿಗೆಗಳಿಗಾಗಿ ಉದ್ಯಾನಗಳನ್ನು ರೂಪಿಸಿದ ಮಹನೀಯರಲ್ಲಿ ಅಮೆರಿಕದ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಅಗ್ರಗಣ್ಯರು.

೧೮೨೨ರ ಏಪ್ರಿಲ್ ೨೬ರಂದು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಅವರು ಜನಿಸಿದರು. ತಂದೆ ಅನುಕೂಲಸ್ಥರಾದ ಬಟ್ಟೆ ವ್ಯಾಪಾರಿ. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಬಾಲಕನಿಗೆ, ತಂದೆಯೊಡನೆ ಹಳ್ಳಿಗಾಡಿನಲ್ಲಿ ಕೈಗೊಂಡ ಪ್ರವಾಸಗಳೇ ಪ್ರಕೃತಿಯ ಮೊದಲ ಪಾಠಗಳಾದವು. ವಿಷಸಸ್ಯವೊಂದರ ಸ್ಪರ್ಶದಿಂದ ಕಣ್ಣುಗಳ ಶಕ್ತಿ ಕುಂದಿ ಕಾಲೇಜು ವ್ಯಾಸಂಗಕ್ಕೆ ಅಡ್ಡಿಯುಂಟಾಯಿತು. ಮುಂದೆ ಹಡಗಿನ ಆಳಾಗಿ ಚೀನಾ ದೇಶಕ್ಕೆ ಹೋಗಿಬಂದರು, ಬೇಸಾಯ ಮಾಡಿದರು, ಲೇಖಕರೂ ಆದರು. ೧೮೫೦ರಲ್ಲಿ ಇಂಗ್ಲೆಂಡಿನಲ್ಲಿ ಕಾಲ್ನಡಿಗೆಯ ಪ್ರವಾಸ ಮಾಡುತ್ತಿದ್ದಾಗ ಲಿವರ್‌ಪೂಲ್ ಸಮೀಪದ ಬರ್ಕನ್‌ಹೆಡ್ ಉದ್ಯಾನವನ್ನು ಕಂಡರು. ಪಟ್ಟಣದ ಆಡಳಿತವೇ ನಿರ್ಮಿಸಿದ ಆ ಉದ್ಯಾನವು ಧನಿಕರು ಬಡವರೆಂಬ ಭೇದವಿಲ್ಲದೆ ಎಲ್ಲರಿಗೂ ತೆರೆದಿತ್ತು. ಆ ದೃಶ್ಯ ಅವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು.

ಅದೇ ವರ್ಷ ನ್ಯೂಯಾರ್ಕ್ ನಗರದ ಜನಸಂಖ್ಯೆ ೫ ಲಕ್ಷವನ್ನು ದಾಟಿತ್ತು. ಜನರೆಲ್ಲ ಮ್ಯಾನ್‌ಹಾಟನ್ ದ್ವೀಪದ ದಕ್ಷಿಣ ಭಾಗದಲ್ಲಿ ಕಿಕ್ಕಿರಿದಿದ್ದರು. ಹಸುರನ್ನು ಕಾಣಬಯಸಿದವರು ಊರ ಹೊರಗಿನ ವಿಶಾಲವಾದ ಶ್ಮಶಾನಗಳಿಗೆ ಹೋಗುತ್ತಿದ್ದರು! ೧೮೫೩ರಲ್ಲಿ ರಾಜ್ಯದ ಶಾಸನಸಭೆಯು ದ್ವೀಪದ ನಡುವೆ ಉದ್ಯಾನಕ್ಕಾಗಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲು ಅನುಮತಿ ನೀಡಿತು. ೧೮೫೭ರಲ್ಲಿ ಓಲ್ಮ್‌ಸ್ಟೆಡ್ ಅಲ್ಲಿಯ ಮೇಲ್ವಿಚಾರಕರಾಗಿ ನೇಮಕಗೊಂಡರು. ಮರುವರ್ಷ, ವಾಸ್ತುಶಿಲ್ಪಿ ಕ್ಯಾಲ್ವರ್ಟ್ ವಾಕ್ಸ್ ಅವರೊಡಗೂಡಿ ಸಿದ್ಧಪಡಿಸಿದ ನಕ್ಷೆಯು, ಸ್ಪರ್ಧೆಗೆ ಬಂದಿದ್ದ ೩೩ ನಕ್ಷೆಗಳಲ್ಲಿ ಪ್ರಥಮ ಸ್ಥಾನವನ್ನು ಪಡೆಯಿತು.

ಆ ನಕ್ಷೆಯ ಹಿರಿಮೆ ಅದರ ದೂರದೃಷ್ಟಿಯಲ್ಲಿದೆ. ಅಂದು ಆ ಸ್ಥಳವು ಬಂಡೆ ಮತ್ತು ಜೌಗಿನಿಂದ ತುಂಬಿತ್ತು; ಸುತ್ತಲೂ ನಗರವಿನ್ನೂ ಹಬ್ಬಿರಲಿಲ್ಲ. ಆದರೂ ಮುಂದೊಂದು ದಿನ ನಾಲ್ಕು ದಿಕ್ಕಿಗೂ ಕಟ್ಟಡಗಳು ಏಳುವುವು, ಹಗಲಿರುಳೂ ವಾಹನಗಳು ಉದ್ಯಾನವನ್ನು ಹಾಯ್ದು ಹೋಗಬೇಕಾಗುವುದು ಎಂಬುದನ್ನು ಅವರಿಬ್ಬರೂ ಗ್ರಹಿಸಿದರು. ಅಡ್ಡಹಾಯುವ ನಾಲ್ಕು ರಸ್ತೆಗಳನ್ನು ನೆಲಮಟ್ಟಕ್ಕಿಂತ ಕೆಳಗೆ ತಗ್ಗಿಸಿದರು. ಗಾಡಿಗಳಿಗೆ, ಕುದುರೆ ಸವಾರರಿಗೆ, ಪಾದಚಾರಿಗಳಿಗೆ ಬೇರೆ ಬೇರೆ ದಾರಿಗಳನ್ನು ಕಲ್ಪಿಸಿದರು. ಜೌಗು ನೆಲವು ಕೆರೆಯಾಯಿತು. ಇಂದು ೮೪೩ ಎಕರೆ ವಿಸ್ತಾರವಿರುವ ಸೆಂಟ್ರಲ್ ಪಾರ್ಕ್ ಎಂಬ ಪ್ರಸಿದ್ಧ ಉದ್ಯಾನವೇ ಅದು.

ಈ ಸತ್ಕಾರ್ಯಕ್ಕೆ ನೋವಿನ ಮುಖವೂ ಉಂಟು. ಉದ್ಯಾನದ ಭೂಮಿಯಲ್ಲಿ ವಾಸವಾಗಿದ್ದ ಸುಮಾರು ೧೬೦೦ ಮಂದಿ ಎತ್ತಂಗಡಿಯಾದರು. ಆಫ್ರಿಕನ್ ಮೂಲದವರು ಸ್ವಂತ ಮನೆ, ಶಾಲೆ, ಪ್ರಾರ್ಥನಾಮಂದಿರಗಳನ್ನು ಕಟ್ಟಿಕೊಂಡಿದ್ದ ಸೆನೆಕಾ ಗ್ರಾಮವು ಹೆಸರಿಲ್ಲದಂತಾಯಿತು. ಆ ತೆರವು ಓಲ್ಮ್‌ಸ್ಟೆಡ್ ಅವರ ನಿರ್ಣಯವಲ್ಲವಾದರೂ, ಬಹುಜನರ ಸುಖಕ್ಕೆ ಕೆಲವರು ತೆತ್ತ ಬೆಲೆಯನ್ನು ಮರೆಯಲಾಗದು. ಮೇಲಾಗಿ, ದಕ್ಷಿಣದ ಇಕ್ಕಟ್ಟಾದ ಕೇರಿಗಳ ಕೂಲಿಕಾರರಿಗೆ ಉದ್ಯಾನವು ಬಹುದೂರವಾಯಿತು. ಮೊದಮೊದಲು ಸಾರೋಟುಗಳಲ್ಲಿ ಬರುವ ಶ್ರೀಮಂತರೇ ಅಲ್ಲಿ ಹೆಚ್ಚಾಗಿ ಕಾಣುತ್ತಿದ್ದರು. ಹುಲ್ಲುಹಾಸು ಹಾಳಾದೀತೆಂದು ಆಟಗಳಿಗೂ ನಿರ್ಬಂಧವಿತ್ತು.

ಓಲ್ಮ್‌ಸ್ಟೆಡ್ ಅವರ ಮುಂದಿನ ಕಾರ್ಯಗಳು ಈ ಕೊರತೆಗೆ ಉತ್ತರವಾಗಿ ಬಂದಂತಿವೆ. ೧೮೬೮ರಿಂದ ಬಫಲೋ ನಗರಕ್ಕೆ ಒಂದೇ ದೊಡ್ಡ ಉದ್ಯಾನದ ಬದಲು, ಸಾಲುಮರಗಳ ಅಗಲ ರಸ್ತೆಗಳಿಂದ ಜೋಡಿಸಿದ ಹಲವು ಉದ್ಯಾನಗಳನ್ನು ಯೋಜಿಸಿದರು. ಬಾಸ್ಟನ್ ನಗರದಲ್ಲಿ ನೆರೆಯೂ ದುರ್ಗಂಧವೂ ಕಾಡುತ್ತಿದ್ದ ಜೌಗುಪ್ರದೇಶವನ್ನು ಸುಧಾರಿಸಿ, ಅದನ್ನು ಉದ್ಯಾನಗಳ ಸರಪಣಿಯಲ್ಲಿ ಸೇರಿಸಿದರು. ಅದೇ ನಗರದ ಬಡಜನರ ವಸತಿಗೆ ಹೊಂದಿಕೊಂಡ ಚಾರ್ಲ್ಸ್‌ಬ್ಯಾಂಕ್ ಎಂಬ ನದೀತೀರದಲ್ಲಿ ೧೮೮೯ರಲ್ಲಿ ಶುಲ್ಕವಿಲ್ಲದ ಬಯಲು ವ್ಯಾಯಾಮಶಾಲೆಯು ತೆರೆಯಿತು. ೧೮೯೧ರಲ್ಲಿ ಸ್ತ್ರೀಯರಿಗೂ ಪ್ರತ್ಯೇಕ ವಿಭಾಗವಾಯಿತು. ಹೀಗೆ ಉದ್ಯಾನವು ಜನರ ಮನೆಬಾಗಿಲಿನತ್ತ ನಡೆದುಬಂದಿತು.

೧೮೯೫ರಲ್ಲಿ ನೆನಪಿನ ಶಕ್ತಿ ಉಡುಗಿ ಅವರು ವೃತ್ತಿಯಿಂದ ನಿವೃತ್ತರಾದರು. ತಾವೇ ಹಿಂದೆ ನಿವೇಶನದ ಬಗ್ಗೆ ಸಲಹೆ ನೀಡಿದ್ದ ಮ್ಯಾಕ್ಲೀನ್ ಆಸ್ಪತ್ರೆಯಲ್ಲಿ ಕಡೆಯ ದಿನಗಳನ್ನು ಕಳೆದು, ೧೯೦೩ರ ಆಗಸ್ಟ್ ೨೮ರಂದು ಕಾಲವಶರಾದರು. ಆ ವೇಳೆಗೆ ಮ್ಯಾನ್‌ಹಾಟನ್ ಒಂದರಲ್ಲಿಯೇ ೧೮ ಲಕ್ಷಕ್ಕೂ ಮಿಕ್ಕಿ ಜನರಿದ್ದರು. ಅವರು ಕಂಡ ಕನಸಿನಂತೆಯೇ ನಗರವು ಉದ್ಯಾನವನ್ನು ಸುತ್ತುವರಿದಿತ್ತು. ಉದ್ಯಾನವು ಮಾತ್ರ ಉಳಿದಿತ್ತು.

ಬಯಲನ್ನು ಜನ ಬರುವ ಮೊದಲೇ ಕಾದಿರಿಸಬೇಕು. ಕಾದಿರಿಸಿದ ಬಯಲು ಮನೆಯಂಗಳವಿಲ್ಲದವರ ಕೈಗೆಟುಕುವಂತಿರಬೇಕು. ಇವೆರಡೂ ಅವರ ಬಾಳು ನಮಗೆ ಕಲಿಸುವ ಪಾಠಗಳು. ಶಾಲೆಯ ಆಟದ ಬಯಲನ್ನೂ ಊರಿನ ಗೋಮಾಳವನ್ನೂ ಕಾಪಾಡಬೇಕಾದ ನಮ್ಮೆಲ್ಲರಿಗೂ ಈ ಪಾಠಗಳು ಸದಾ ಸ್ಮರಣೀಯವಾಗಿವೆ.