ಕೊಲಂಬಿಯಾ ಹೊತ್ತೊಯ್ದ ಹೆಸರು

1930ರ ಜುಲೈ 31ರಂದು 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಬಾಂಬೆಯಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದಾಗ ನಮ್ಮ ಕೊಳ್ಳೇಗಾಲ ಇದ್ದಿದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಹನೂರು ಅದೇ ತಾಲೂಕಿನೊಳಗೆ, ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನ. ಈ ಗಡಿ ಅಳಿಸಿದ್ದು 1956ರಲ್ಲಿ. ಹಾಗಾಗಿ ಚಂದ್ರ ಅಂದ್ರೆ ತಮಿಳರು, ಅಮೆರಿಕದವರು ಅಂತ ದೂರ ಇಡೋ ಮುಂಚೆ ನೆನಪಿರಲಿ: ಅವರು ಓದಿದ ಪ್ರೆಸಿಡೆನ್ಸಿ ಕಾಲೇಜು, ಕೊಳ್ಳೇಗಾಲದ ರೈತ ಕಂದಾಯ ಕಟ್ಟುತ್ತಿದ್ದ ಸರ್ಕಾರದ್ದೇ.

ಸಿ.ವಿ. ರಾಮನ್ ಅವರ ಅಣ್ಣನ ಮಗ. ಹುಟ್ಟಿದ್ದು 1910ರಲ್ಲಿ, ಲಾಹೋರಿನಲ್ಲಿ. ಹಡಗಲ್ಲೇ ಕೂತು ಲೆಕ್ಕ ಹಾಕಿದರು: ಉರಿದು ಮುಗಿದ ನಕ್ಷತ್ರದ ತೂಕ ಸೂರ್ಯನ ಸುಮಾರು 1.4 ಪಟ್ಟು ಮೀರಿದರೆ ಅದು ಶ್ವೇತಕುಬ್ಜವಾಗಿ ನಿಲ್ಲಲಾರದು, ಕುಸಿಯುತ್ತಲೇ ಹೋಗುತ್ತದೆ.

1935ರ ಜನವರಿ 11, ಲಂಡನ್. ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯಲ್ಲಿ 24ರ ಹುಡುಗ ಇದನ್ನ ಮಂಡಿಸಿ ಕೂತ. ಮರುಕ್ಷಣವೇ ಎದ್ದ ಆರ್ಥರ್ ಎಡಿಂಗ್ಟನ್, ಆ ಕಾಲದ ಖಗೋಳ ಶಾಸ್ತ್ರದ ದೊರೆ, ಇಡೀ ಸಭೆ ನಗುವಂತೆ ಗೇಲಿ ಮಾಡಿದರು. ಈ ಕೆಲಸವನ್ನ ತಿಂಗಳುಗಟ್ಟಲೆ ಹತ್ತಿರದಿಂದ ನೋಡುತ್ತಿದ್ದವರು ಅವರೇ! ಲೆಕ್ಕದಲ್ಲಿ ತಪ್ಪಿರಲಿಲ್ಲ. ದೊಡ್ಡ ಭೌತವಿಜ್ಞಾನಿಗಳು ಖಾಸಗಿಯಾಗಿ ಚಂದ್ರ ಸರಿ ಅಂದರು, ಬಹಿರಂಗವಾಗಿ ಬಾಯಿ ಬಿಡಲಿಲ್ಲ. ಕ್ಯಾಂಪಸ್ ರಾಜಕೀಯ ಕಂಡವರಿಗೆ ಇದು ಹೊಸದಲ್ಲ ಬಿಡಿ.

ಚಂದ್ರ ಜಗಳಕ್ಕೆ ನಿಲ್ಲಲಿಲ್ಲ. 1937ರಲ್ಲಿ ಷಿಕಾಗೋ ವಿಶ್ವವಿದ್ಯಾಲಯ ಸೇರಿದರು. ಅಲ್ಲೊಬ್ಬ ಡೀನ್‌ಗೆ ಅವರ ಮೈಬಣ್ಣ ತೊಂದರೆಯಾಯಿತು, ಅಧ್ಯಕ್ಷ ಹಚಿನ್ಸ್ ಅಡ್ಡ ನಿಂತು ಪಾಠ ಮಾಡಿಸಿದರು. 1939ರಲ್ಲಿ ಎಲ್ಲವನ್ನೂ ಒಂದು ಪುಸ್ತಕ ಮಾಡಿ ಬೇರೆ ವಿಷಯಕ್ಕೆ ಹೊರಳಿದರು. ನೊಬೆಲ್ ಬಂದಿದ್ದು 1983ರಲ್ಲಿ, ತೀರಿಕೊಂಡಿದ್ದು 1995ರಲ್ಲಿ.

1999ರ ಜುಲೈ 23ರಂದು ಕೊಲಂಬಿಯಾ ನೌಕೆ ಐದು ಜನರ ಜೊತೆ ಚಂದ್ರ ಎಕ್ಸ್‌-ರೇ ದೂರದರ್ಶಕವನ್ನ ಹೊತ್ತು ಹಾರಿತು. ಕಮಾಂಡರ್ ಐಲೀನ್ ಕಾಲಿನ್ಸ್, ಷಟಲ್ ನಡೆಸಿದ ಮೊದಲ ಮಹಿಳೆ. ಹಾರಿದ ಐದೇ ಸೆಕೆಂಡಿಗೆ ಶಾರ್ಟ್ ಸರ್ಕ್ಯೂಟ್, ಜೊತೆಗೆ ಒಂದು ಎಂಜಿನ್‌ನಲ್ಲಿ ಹೈಡ್ರೋಜನ್ ಸೋರಿಕೆ. ಬದಲಿ ಕಂಟ್ರೋಲರ್‌ಗಳು ಕೈಹಿಡಿದವು, ಅದೇ ದಿನ ದೂರದರ್ಶಕ ಹೊರಬಿತ್ತು. ಎಕ್ಸ್‌-ರೇಗಳನ್ನ ನಮ್ಮ ವಾತಾವರಣ ನುಂಗಿಬಿಡುವುದರಿಂದ ಅಷ್ಟು ಮೇಲೆ ಹೋಗಲೇಬೇಕಿತ್ತು. ಅದು ನೋಡುವುದರಲ್ಲಿ ಕಪ್ಪುಕುಳಿಗಳ ಸುತ್ತ ಕಾದ ಅನಿಲವೂ ಇದೆ, ಎಡಿಂಗ್ಟನ್ ಅಸಂಬದ್ಧ ಅಂದಿದ್ದ ಅದೇ ಕುಸಿತದ ಫಲ.

ಐದು ವರ್ಷಕ್ಕೆಂದು ಕಳಿಸಿದ್ದು 25 ದಾಟಿದೆ. 2024ರಲ್ಲಿ ನಾಸಾ ಇದರ ವಾರ್ಷಿಕ ಹಣವನ್ನ ಸುಮಾರು 6.8 ಕೋಟಿ ಡಾಲರ್‌ನಿಂದ 4.1 ಕೋಟಿಗೆ ಇಳಿಸಲು ಹೊರಟಿತು. ಈ ಸಲ ಖಗೋಳ ವಿಜ್ಞಾನಿಗಳು ಖಾಸಗಿಯಾಗಿ ಗೊಣಗಿ ಸುಮ್ಮನಾಗಲಿಲ್ಲ, ಹೆಸರು ಹಾಕಿ ಬಹಿರಂಗ ಪತ್ರ ಬರೆದರು.