ಯಂತ್ರ ಬರುವ ಮೊದಲೇ ಪ್ರೋಗ್ರಾಂ ಬರೆದ ಏಡಾ



ಏಡಾ ಲವ್‌ಲೇಸ್ ಹುಟ್ಟಿದ್ದು 1815ರ ಡಿಸೆಂಬರ್ 10ರಂದು, ಲಂಡನ್‌ನಲ್ಲಿ. ತಂದೆ ಹೆಸರಾಂತ ಕವಿ ಲಾರ್ಡ್ ಬೈರನ್. ಮಗುವಿಗೆ ತಿಂಗಳು ತುಂಬಿದ ಕೆಲವೇ ದಿನಗಳಲ್ಲಿ ತಂದೆ-ತಾಯಿ ಬೇರೆಯಾದರು. ಆಮೇಲೆ ತಂದೆ ಮಗಳು ಒಬ್ಬರನ್ನೊಬ್ಬರು ನೋಡಲೇ ಇಲ್ಲ. ಮಗಳಿಗೆ ಅಪ್ಪನ ಸ್ವಭಾವ ಬಾರದಿರಲಿ ಎಂದು ತಾಯಿ ಚಿಕ್ಕಂದಿನಿಂದಲೇ ಗಣಿತದ ಪಾಠ ಹೇಳಿಸಿದರು.

1833ರಲ್ಲಿ, 17ರ ಹರೆಯದಲ್ಲಿ, ಚಾರ್ಲ್ಸ್ ಬ್ಯಾಬೇಜ್ ಅವರ ಲೆಕ್ಕದ ಯಂತ್ರದ ಒಂದು ಭಾಗವನ್ನು ಏಡಾ ಕಂಡರು. ಆ ಆಸಕ್ತಿ ಕೊನೆಯವರೆಗೂ ಬಿಡಲಿಲ್ಲ. 1835ರಲ್ಲಿ ಮದುವೆ, 1839ರ ಹೊತ್ತಿಗೆ ಮೂರು ಮಕ್ಕಳು. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳಿಗೆ ಪದವಿ ಕೊಡದಿದ್ದ ಕಾಲವದು. ಆದರೂ 1840ರಲ್ಲಿ, ನಮ್ಮ ಮಧುರೈಯಲ್ಲಿ ಹುಟ್ಟಿದ್ದ ಗಣಿತಜ್ಞ ಡಿ ಮಾರ್ಗನ್ ಅವರಲ್ಲಿ, ಹೆಚ್ಚಾಗಿ ಪತ್ರಗಳ ಮೂಲಕ, ಮತ್ತೆ ಪಾಠ ಶುರು ಮಾಡಿದರು.

ಬ್ಯಾಬೇಜ್ ಯೋಚಿಸಿದ್ದ ಹೊಸ ಯಂತ್ರದ ಬಗ್ಗೆ ಇಟಲಿಯ ಮೆನಾಬ್ರಿಯಾ 1842ರಲ್ಲಿ ಫ್ರೆಂಚಿನಲ್ಲಿ ಒಂದು ಲೇಖನ ಬರೆದರು. ಏಡಾ ಅದನ್ನು ಇಂಗ್ಲಿಷಿಗೆ ತಂದು, ತಮ್ಮ ಏಳು ಟಿಪ್ಪಣಿಗಳನ್ನು ಸೇರಿಸಿದರು. ಟಿಪ್ಪಣಿಗಳೇ ಲೇಖನದ ಸುಮಾರು ಮೂರರಷ್ಟಾದವು! ಆ ಯಂತ್ರಕ್ಕೆ ಅಪ್ಪಣೆ ಕೊಡಬೇಕಾಗಿದ್ದುದು ತೂತು ಕೊರೆದ ಕಾರ್ಡುಗಳು; ನಮ್ಮ ರೇಷ್ಮೆ ಸೀರೆಯ ಅಂಚು, ಬುಟ್ಟಾ ನೇಯುವ ಜಕಾರ್ಡ್ ಮಗ್ಗದಲ್ಲಿ ಇರುತ್ತವಲ್ಲ, ಅಂಥವೇ.

ನಾನು ಈಗ ಮಗಳ ಗ್ರಾಫಿಂಗ್ ಕ್ಯಾಲ್ಕುಲೇಟರಿನಲ್ಲಿ ಸಣ್ಣ ಪ್ರೋಗ್ರಾಂ ಬರೆಯಲು ಕಲಿಯುತ್ತಿದ್ದೇನೆ. 1ರಿಂದ 100ರವರೆಗೆ ಕೂಡಿಸಬೇಕು. 'ಎ' ಎಂಬ ಮನೆಯಲ್ಲಿ ಎಣಿಕೆ, 'ಬಿ' ಎಂಬ ಮನೆಯಲ್ಲಿ ಮೊತ್ತ. ಎಣಿಕೆ 100 ದಾಟುವವರೆಗೆ ಕೂಡಿಸು, ಒಂದು ಹೆಚ್ಚಿಸು, ಮತ್ತೆ ಕೂಡಿಸು. ಉತ್ತರ 5050. ಏಡಾ ಕೊನೆಯ ಟಿಪ್ಪಣಿಯಲ್ಲಿ ಮಾಡಿದ್ದೂ ಇದನ್ನೇ, ಆದರೆ ಬರ್ನೌಲಿ ಸಂಖ್ಯೆಗಳೆಂಬ ಬಲು ಕಠಿಣ ಲೆಕ್ಕಕ್ಕೆ. ಯಾವ ಮನೆಯ ಅಂಕಿ ತೆಗೆದುಕೊಳ್ಳಬೇಕು, ಏನು ಮಾಡಬೇಕು, ಉತ್ತರ ಎಲ್ಲಿಡಬೇಕು ಎಂದು 25 ಹೆಜ್ಜೆಗಳ ಪಟ್ಟಿ ಮಾಡಿದರು. 13ರಿಂದ 23ರವರೆಗಿನ ಹೆಜ್ಜೆಗಳನ್ನು ಮತ್ತೆ ಮಾಡಬೇಕೆಂದೂ ಸೂಚಿಸಿದರು. ಪ್ರಕಟವಾದ ಮೊದಲ ಕಂಪ್ಯೂಟರ್ ಪ್ರೋಗ್ರಾಂ ಎಂದು ಹಲವರು ಗುರುತಿಸುವುದು ಇದನ್ನೇ.

1843ರಲ್ಲಿ ಅದು ಅಚ್ಚಾದಾಗ ಅಡಿಯಲ್ಲಿ ಪೂರ್ತಿ ಹೆಸರಿರಲಿಲ್ಲ, ಎ.ಎ.ಎಲ್. ಎಂಬ ಮೂರೇ ಅಕ್ಷರಗಳು. 1852ರ ನವೆಂಬರ್ 27ರಂದು, ಗರ್ಭಕೋಶದ ಕ್ಯಾನ್ಸರಿನಿಂದ ಏಡಾ ತೀರಿಕೊಂಡಾಗ ವಯಸ್ಸು 36. ಅವರ ಇಚ್ಛೆಯಂತೆ, ನೋಡಿದ ನೆನಪೇ ಇಲ್ಲದ ತಂದೆಯ ಪಕ್ಕದಲ್ಲಿ ಮಣ್ಣು ಮಾಡಿದರು. ಯಂತ್ರ ಆಗಲೂ ತಯಾರಾಗಿರಲಿಲ್ಲ.

ಸಂಸಾರದ ನಡುವೆ ಈ ವಯಸ್ಸಿನಲ್ಲಿ ಕಲಿತು ಏನಾಗಬೇಕು ಎಂದು ಕೇಳುವ ಸಖಿಯರಿಗೆ ನಾನು ಏಡಾ ಕಥೆ ಹೇಳುತ್ತೇನೆ. ಅವರ ಬಳಿ ಯಂತ್ರವೇ ಇರಲಿಲ್ಲ. ಕಾಗದ, ಲೇಖನಿ, ಒಂದೊಂದೇ ಹೆಜ್ಜೆ ಯೋಚಿಸುವ ತಾಳ್ಮೆ ಇತ್ತು. ಅಷ್ಟು ನಮ್ಮ ಮನೆಯಲ್ಲೂ ಇದೆ.